ಏರ್‌ಫಿಕ್ಸ್ ಡಿಎಚ್-4 ಕಿಟ್‌ನಿಂದ ನಿಜಾಮರ ಡಿಎಚ್-9ಎ ಮಾಡಬೇಕು, ರೆಕ್ಕೆ ಎಲ್ಲಿ ಕೊಯ್ಯಲಿ?

ನೌಬಾದ್_ಹುಡುಗ (ಬೀದರ್)

ಎಲ್ಲರಿಗೂ ನಮಸ್ಕಾರ್ರಿ. ನನ್ನ ಹತ್ತಿರ ಏರ್‌ಫಿಕ್ಸ್ ಕಂಪನಿಯವರ ಹಳೆಯ ಡಿಎಚ್-4 ಪ್ಲಾಸ್ಟಿಕ್ ಮಾಡೆಲ್ ಕಿಟ್ ಇದೆ (ಮೊದಲ ಮಹಾಯುದ್ಧದ ಬ್ರಿಟಿಷ್ ಬಾಂಬರ್ ವಿಮಾನ), ನಿಜ ವಿಮಾನದ 1/72 ಅಳತೆಯದು. ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಹಳೆ ಪುಸ್ತಕ ಹರವಿಕೊಂಡು ಕೂರುತ್ತಾರಲ್ಲ, ಅಲ್ಲಿ ಸಿಕ್ಕಿತು. ಡಬ್ಬಿ ಹರಿದಿದೆ, ಡೀಕಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆ) ಹಳದಿ ತಿರುಗಿದೆ, ಆದರೆ ಪ್ಲಾಸ್ಟಿಕ್ ತುಂಡುಗಳೆಲ್ಲ ಪೂರ್ತಿ ಇವೆ. ಇದನ್ನು ಡಿಎಚ್-4 ಆಗಿಯೇ ಕಟ್ಟುವ ಮನಸ್ಸಿಲ್ಲ. ಡಿಎಚ್-9ಎ ಮಾಡಬೇಕು. ಅದೂ ಸುಮ್ನೆ ಯಾವುದೋ ಒಂದು 9ಎ ಅಲ್ಲ, 1918ರ ಬ್ರಿಟಿಷ್ ವಾಯುಪಡೆಯ 110ನೇ ಸ್ಕ್ವಾಡ್ರನ್‌ನ ವಿಮಾನವೇ ಆಗಬೇಕು.

ಯಾಕೆ ಅಂದರೆ, ಆ ಸ್ಕ್ವಾಡ್ರನ್ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದಾಗ ಅದರ ಬಳಿ ಇದ್ದ ಡಿಎಚ್-9ಎಗಳಷ್ಟೂ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಣಿಕೆ. ವಿಮಾನಗಳ ಮೈಮೇಲೆ ನಿಜಾಮರ ಹೆಸರು ಬರೆದಿತ್ತು. ಅದಕ್ಕೇ ಆ ದಳಕ್ಕೆ 110 ಹೈದರಾಬಾದ್ ಸ್ಕ್ವಾಡ್ರನ್ ಅಂತ ಹೆಸರು ಬಂತು. ಆಗ ಬೀದರ್, ಕಲಬುರಗಿ, ರಾಯಚೂರು ಎಲ್ಲ ನಿಜಾಮರ ರಾಜ್ಯದಲ್ಲೇ ಇದ್ದವು. ನಾನು ಏರ್‌ಫೋರ್ಸ್ ಸ್ಟೇಷನ್ ಪಕ್ಕದಲ್ಲಿ ಬೆಳೆದವನು. ಬೆಳಿಗ್ಗೆ ಹಾಕ್ ವಿಮಾನಗಳ ಸದ್ದು ಕೇಳಿಯೇ ಏಳುವುದು ನಮಗೆ ರೂಢಿ. ಆದರೆ ನಮ್ಮ ಸಂಸ್ಥಾನದ ಹೆಸರು ಹೊತ್ತ ವಿಮಾನಗಳು 1918ರಲ್ಲೇ ಜರ್ಮನಿಯ ಆಕಾಶಕ್ಕೆ ಹೋಗಿದ್ದವು ಅನ್ನುವುದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಕೈಯಲ್ಲಿ ಹಿಡಿದು ತೋರಿಸಬೇಕು ಅಂತ ಆಸೆ.

ಆ ಪೈಕಿ ಒಂದು ವಿಮಾನ ಈಗಲೂ ಉಳಿದಿದೆ, ನಂಬರ್ ಎಫ್1010. 1918ರ ಅಕ್ಟೋಬರ್ 5ರಂದು ಜರ್ಮನ್ನರ ಕೈಗೆ ಸಿಕ್ಕಿತ್ತು. ಬರ್ಲಿನ್ನಿನ ಮ್ಯೂಸಿಯಂನಲ್ಲಿದ್ದು, ಆಮೇಲೆ ಪೋಲೆಂಡಿನಲ್ಲಿದ್ದು, 1977ರಲ್ಲಿ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂಗೆ ವಾಪಸ್ ಬಂತು. ಅದನ್ನೇ ಮಾಡಬೇಕು ಅಂದುಕೊಂಡಿದ್ದೇನೆ.

ಲೆಕ್ಕ ಹಾಕಿ ನೋಡಿದೆ. 9ಎ ರೆಕ್ಕೆಯ ಅಗಲ 45 ಅಡಿ 11 ಇಂಚು. 1/72ರಲ್ಲಿ 194 ಮಿ.ಮೀ. ಡಿಎಚ್-4ದು ಸುಮಾರು 179. ಅಂದರೆ 15 ಮಿ.ಮೀ. ಕಡಿಮೆ ಬೀಳುತ್ತದೆ, ಒಂದೊಂದು ಬದಿಗೆ ಏಳೂವರೆ. ಬಾಡಿಯ ಉದ್ದದ ಚಿಂತೆ ಇಲ್ಲ. ಈ ಏಳೂವರೆ ಮಿ.ಮೀ. ಎಲ್ಲಿ ಸೇರಿಸಬೇಕು? ತುದಿಗಾ, ಬುಡಕ್ಕಾ, ನಡುವೆಯಾ? ಮೂತಿಗೆ ಏನು ಮಾಡಬೇಕು? ರೆಕ್ಕೆಗಳ ನಡುವಿನ ತಂತಿಗೆ ಏನು ಬಳಸುತ್ತೀರಿ? ಇನ್ನು ಮುಖ್ಯವಾದದ್ದು ಬದಿಯ ಬರಹ. ಅದಿಲ್ಲದಿದ್ದರೆ ಈ ಮಾಡೆಲ್ ಮಾಡುವುದೇ ಬೇಡ.

ಸ್ಪೇರ್ ಚಕ್ರ ಕಟ್ಟಿಕೊಂಡ ಒಂದು 9ಎ ಫೋಟೋ ಸಿಕ್ಕಿದೆ. ತುಂಬ ಚೆನ್ನಾಗಿದೆ, ಅದನ್ನು ನೋಡಿಕೊಂಡು ಮಾಡಬಹುದಾ?

ಅಪ್ಪನ_ಕೆರೆ (ಕಲಬುರಗಿ)

ತಮ್ಮಾ, ಒಳ್ಳೆ ವಿಮಾನ ಆರಿಸಿದ್ದೀರಿ. ನಾನು ಪಾಲಿಟೆಕ್ನಿಕ್ ವರ್ಕ್‌ಶಾಪಿನಲ್ಲಿ ಇದ್ದವನು, ಈಗ ರಿಟೈರ್ ಆಗಿದ್ದೇನೆ. ಹಳೆ ಬೈಪ್ಲೇನ್ (ಮೇಲೊಂದು ಕೆಳಗೊಂದು ರೆಕ್ಕೆಯ ವಿಮಾನ) ಬಿಟ್ಟು ಬೇರೆ ಏನೂ ಕಟ್ಟುವುದಿಲ್ಲ.

ಮೊದಲು ಫೋಟೋ ವಿಷಯ. ಸ್ಪೇರ್ ಚಕ್ರ ಕಟ್ಟಿದ್ದು, ಮೂತಿಯ ಕೆಳಗೆ ಇನ್ನೊಂದು ರೇಡಿಯೇಟರ್ ನೇತಾಡುತ್ತಿರುವುದು, ಇವೆಲ್ಲ 1920ರ ದಶಕದವು. ಯುದ್ಧ ಮುಗಿದ ಮೇಲೆ ಇರಾಕಿನಲ್ಲಿ, ಆಗಿನ ಭಾರತದ ವಾಯವ್ಯ ಗಡಿಯಲ್ಲಿ ಹಾರಿದ 9ಎಗಳು. ಸೆಕೆಗೆ ಎಂಜಿನ್ ಕಾಯುತ್ತಿತ್ತು, ಅದಕ್ಕೆ ಹೆಚ್ಚಿನ ರೇಡಿಯೇಟರ್. ಮರುಭೂಮಿಯಲ್ಲಿ ಇಳಿದರೆ ಚಕ್ರ ಕೊಡುವವರು ಯಾರೂ ಇಲ್ಲ, ಅದಕ್ಕೆ ಸ್ಪೇರ್. 110ರ ವಿಮಾನಕ್ಕೆ ಇವು ಬೇಡವೇ ಬೇಡ. ಎಫ್1010ರ ಫೋಟೋ ಒಂದನ್ನೇ ನಂಬಿ.

ಈ ವಿಮಾನ ಹೇಗೆ ಹುಟ್ಟಿತು ಅಂತ ತಿಳಿದರೆ ಎಲ್ಲಿ ಕೊಯ್ಯಬೇಕು ಅನ್ನುವುದು ತಾನೇ ಹೊಳೆಯುತ್ತದೆ. ಡಿಎಚ್-4ರಲ್ಲಿ ಪೈಲಟ್ ರೆಕ್ಕೆಯ ಕೆಳಗೆ, ಗನ್ನರ್ ದೂರ ಹಿಂದೆ. ಇಬ್ಬರ ನಡುವೆ ಪೆಟ್ರೋಲ್ ಟ್ಯಾಂಕ್. ಹೊಡೆದಾಟದ ಹೊತ್ತಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅದಕ್ಕೆ ಡಿಎಚ್-9ರಲ್ಲಿ ಪೈಲಟ್‌ನನ್ನು ಹಿಂದೆ ತಂದು ಗನ್ನರ್ ಬೆನ್ನಿಗೇ ಕೂರಿಸಿದರು, ಟ್ಯಾಂಕ್ ಮುಂದೆ ಹೋಯಿತು. ಆದರೆ ಅದಕ್ಕೆ ಹಾಕಿದ ಪ್ಯೂಮಾ ಎಂಜಿನ್‌ನಿಂದ 300 ಎಚ್‌ಪಿ ಬರಬೇಕಿತ್ತು, ಬಂದದ್ದು 230. ವಿಮಾನ ಹೆಚ್ಚು ಎತ್ತರಕ್ಕೇ ಏರದು. ರೋಲ್ಸ್ ರಾಯ್ಸ್ ಈಗಲ್ ಹಾಕೋಣ ಅಂದರೆ ಈಗಲ್ ಸಾಕಷ್ಟು ಸಿಗುತ್ತಿರಲಿಲ್ಲ. ಕೊನೆಗೆ ಅಮೆರಿಕದ 400 ಎಚ್‌ಪಿ ಲಿಬರ್ಟಿ ಎಂಜಿನ್ ಬಂತು. ಅದನ್ನು ಕೂರಿಸಿ, ರೆಕ್ಕೆ ದೊಡ್ಡದು ಮಾಡಿ, 9ಎ ರೂಪ ಕೊಟ್ಟವರು ವೆಸ್ಟ್‌ಲ್ಯಾಂಡ್ ಕಂಪನಿಯವರು.

ಹಾಗಾಗಿ ಕಿಟ್‌ನ ಮುಂದಿನ ಕಾಕ್‌ಪಿಟ್ ತೂತನ್ನು ಪೂರ್ತಿ ಮುಚ್ಚಬೇಕು. ಒಳಗಿನಿಂದ ಶೀಟ್ ತುಂಡು ಅಂಟಿಸಿ, ಮೇಲೆ ಪುಟ್ಟಿ, ಒಣಗಿದ ಮೇಲೆ 400 ನಂಬರ್ ಪಾಲಿಶ್ ಪೇಪರ್, ಆಮೇಲೆ 1000. ಹೊಸ ತೂತು ಮೇಲಿನ ರೆಕ್ಕೆಯ ಹಿಂದಂಚು ದಾಟಿದ ಮೇಲೆ ಬರಬೇಕು, ಗನ್ನರ್ ಗನ್ ತಿರುಗಿಸುವ ರಿಂಗಿಗೆ ತಾಗಿದಂತೆ. ಇದೊಂದು ಸರಿಯಾಯಿತು ಅಂದರೆ ನೋಡಿದವರು ದೂರದಿಂದಲೇ 9ಎ ಅನ್ನುತ್ತಾರೆ.

ಮೂತಿ ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ಡಿಎಚ್-9 ಕಿಟ್ ಇದ್ದಿದ್ದರೆ ಮೂತಿ ಪೂರ್ತಿ ಹೊಸದಾಗಿ ಮಾಡಬೇಕಿತ್ತು, ಅದರ ರೇಡಿಯೇಟರ್ ಹೊಟ್ಟೆಯ ಕೆಳಗಿತ್ತು. ಡಿಎಚ್-4ಕ್ಕೆ ರೇಡಿಯೇಟರ್ ಮುಂದೆಯೇ ಇದೆ, 9ಎಗೂ ಮುಂದೆಯೇ. ಅಮೆರಿಕದವರು ಕಟ್ಟಿದ ಡಿಎಚ್-4ರಲ್ಲೂ ಇದೇ ಲಿಬರ್ಟಿ ಎಂಜಿನ್ ಇತ್ತು, ಗೊತ್ತಲ್ಲ. 9ಎ ರೇಡಿಯೇಟರ್ ಚೌಕ, ದೊಡ್ಡದು. ಮುಂದೆ ಶೀಟ್ ಪದರ ಪದರವಾಗಿ ಅಂಟಿಸಿ ಫೈಲ್ ಹಾಕುತ್ತ ಬನ್ನಿ. ಈಗಲ್‌ನ ಎರಡು ಸಿಲಿಂಡರ್ ಸಾಲುಗಳ ನಡುವೆ 60 ಡಿಗ್ರಿ, ಲಿಬರ್ಟಿಯಲ್ಲಿ 45. ಅದಕ್ಕೆ ಎಕ್ಸಾಸ್ಟ್ ಪೈಪಿನ ಜಾಗವನ್ನು ಕಿಟ್ ನೋಡಿ ಇಡಬೇಡಿ, ಫೋಟೋ ನೋಡಿ ಇಡಿ. ಪ್ರೊಪೆಲ್ಲರ್‌ಗೆ ಎರಡೇ ಬ್ಲೇಡ್.

ಇನ್ನು ರೆಕ್ಕೆ. ನನ್ನ ಮಾತು ಕೇಳುವುದಾದರೆ ಕಿಟ್ ರೆಕ್ಕೆ ಕೊಯ್ಯಲೇಬೇಡಿ. ಹೊಸದು ಮಾಡಿ. ಅಗಲ ಮಾತ್ರ ಅಲ್ಲ, 9ಎ ರೆಕ್ಕೆಯ ಮುಂದಂಚಿನಿಂದ ಹಿಂದಂಚಿಗೂ ಅಳತೆ ಜಾಸ್ತಿ. ನಿಮ್ಮ ಮಾಡೆಲ್‌ನಲ್ಲಿ ಅದು ಸುಮಾರು ಒಂದು ಮಿ.ಮೀ. ಆಗುತ್ತದೆ. ನಡುವೆ ತುಂಡು ಸೇರಿಸಿ, ಮತ್ತೆ ಹಿಂದಂಚಿಗೆ ಪಟ್ಟಿ ಅಂಟಿಸಿದರೆ ಪಕ್ಕೆಲುಬಿನ ಗೆರೆ ಒಂದಕ್ಕೊಂದು ಕೂಡುವುದಿಲ್ಲ. ಐಲರಾನ್ (ರೆಕ್ಕೆಯ ಹಿಂದಂಚಿನ ಆಡುವ ಪಟ್ಟಿ) ಜಾಗ ತಪ್ಪುತ್ತದೆ, ಸ್ಟ್ರಟ್ (ಮೇಲಿನ-ಕೆಳಗಿನ ರೆಕ್ಕೆಗಳ ನಡುವಿನ ಕಂಬ) ಜಾಗವೂ ತಪ್ಪುತ್ತದೆ. ಅದಲ್ಲದೆ ಆ ಕಾಲದ ಕಿಟ್‌ಗಳಲ್ಲಿ ರೆಕ್ಕೆಗೆ ಹೊದಿಸಿದ ಬಟ್ಟೆಯ ಏರಿಳಿತ ಬಹಳ ಒರಟು.

ಮುಕ್ಕಾಲು ಮಿ.ಮೀ. ದಪ್ಪದ ಸ್ಟೈರೀನ್ (ಕಿಟ್‌ನದೇ ಜಾತಿಯ ಪ್ಲಾಸ್ಟಿಕ್) ಶೀಟ್ ತಗೊಳ್ಳಿ. ಡ್ರಾಯಿಂಗ್ ಅದರ ಮೇಲೆ ಇಟ್ಟು ಕತ್ತರಿಸಿ. ನಾಲ್ಕೈದು ಇಂಚು ಅಡ್ಡಳತೆಯ ಸ್ಟೀಲ್ ಡಬ್ಬಿಗೆ ಟೇಪಿನಿಂದ ಬಿಗಿಯಾಗಿ ಸುತ್ತಿ, ಮೇಲೆ ಕುದಿಯುವ ನೀರು ಹೊಯ್ಯಿರಿ, ತಕ್ಷಣ ತಣ್ಣೀರು. ಬಿಚ್ಚಿದಾಗ ರೆಕ್ಕೆಯ ಬಾಗು ಬಂದಿರುತ್ತದೆ. ಆಮೇಲೆ ಮುಂದಂಚು ಉರುಟು ಮಾಡಿ, ಹಿಂದಂಚು ತೆಳು ಮಾಡಿ. ಪಕ್ಕೆಲುಬಿಗೆ ಕಿಟ್‌ನ ಫ್ರೇಮ್ ಕಡ್ಡಿಯನ್ನೇ ಮೇಣದಬತ್ತಿಗೆ ಹಿಡಿದು ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ. ಅದನ್ನು ಅಂಟಿಸಿ, ಪ್ರೈಮರ್ ಹೊಡೆದು, ಕಾಣಿಸೀ ಕಾಣಿಸದ ಹಾಗೆ ತೀಡಿ. ನಾಲ್ಕು ತುಂಡಿಗೂ ಒಂದೇ ದಿನ, ಒಂದೇ ಡಬ್ಬಿ ಬಳಸಿ. ಇಲ್ಲದಿದ್ದರೆ ಬಾಗು ಬೇರೆ ಬೇರೆ ಆಗುತ್ತದೆ.

ಸ್ಟೈರೀನ್ ಸಿಗದಿದ್ದರೆ ತಳದಲ್ಲಿ ತ್ರಿಕೋನದೊಳಗೆ 6 ಅಂತ ಇರುವ ಪ್ಲಾಸ್ಟಿಕ್ ಡಬ್ಬಿ ಹುಡುಕಿ. ಫ್ಲೆಕ್ಸ್ ಅಂಗಡಿಯ ಸನ್‌ಬೋರ್ಡ್ ಬೇಡ. ಅದು ಬೇರೆ ಪ್ಲಾಸ್ಟಿಕ್, ನಮ್ಮ ಮಾಡೆಲ್ ಅಂಟಿಗೆ ಹಿಡಿಯುವುದಿಲ್ಲ.

ತಾರಕಶಿ (ಬೀದರ್)

ಸರ್ ಹೇಳಿದ್ದು ಸರಿ ಇದೆ. ನಾನು ತಂತಿ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮದು ಬಿದರಿ ಕೆಲಸ, ದಿನವೂ ಬೆಳ್ಳಿ ತಂತಿ ಜೊತೆಗೇ ಇರುತ್ತೇವೆ.

ಮಾಡೆಲ್‌ಗೆ ಬೆಳ್ಳಿ ಬೇಕಿಲ್ಲ, ಅಷ್ಟು ಖರ್ಚು ಯಾಕೆ. ಕರೆಂಟ್ ವೈರಿನೊಳಗೆ ಸಣ್ಣ ಸಣ್ಣ ತಾಮ್ರದ ಎಳೆಗಳಿರುತ್ತವಲ್ಲ, ಅದು ಸಾಕು. ಅತಿ ಸಣ್ಣದು ನೋಡಿ ಆರಿಸಿ. ಒಂದು ತುದಿ ವೈಸ್‌ಗೆ ಕಚ್ಚಿಸಿ, ಇನ್ನೊಂದು ತುದಿ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ತಂತಿ ಒಂಚೂರು ಸಾಗಿದ್ದು ಕೈಗೇ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಈಗ ಅದು ನೆಟ್ಟಗೆ ನಿಲ್ಲುತ್ತದೆ, ಜೋಲು ಬೀಳುವುದಿಲ್ಲ. ಆಮೇಲೆ ಗಾಜಿನ ಮೇಲೆ ಇಟ್ಟು ಸ್ಟೀಲ್ ಸ್ಕೇಲಿನಿಂದ ಒತ್ತಿ ಉರುಳಿಸಿ.

ಬ್ರಿಟಿಷ್ ವಿಮಾನಗಳ ತಂತಿ ದುಂಡಗೆ ಇರಲಿಲ್ಲ, ಗಾಳಿ ಸೀಳಲಿ ಅಂತ ಚಪ್ಪಟೆ ಮಾಡಿರುತ್ತಿದ್ದರು ಅಂತ ಓದಿದ್ದೇನೆ. ಹಾಗಿದ್ದರೆ ನಯವಾದ ಉಕ್ಕಿನ ಕಟ್ಟೆಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತ ಹೋಗಿ. ಒಂದೇ ಕಡೆ ಎರಡು ಪೆಟ್ಟು ಬೀಳಬಾರದು, ಬಿದ್ದರೆ ಅಲ್ಲಿ ಅಗಲವಾಗಿ ಕಾಣುತ್ತದೆ. ತಂತಿ ಕೂರುವ ತೂತುಗಳನ್ನು ರೆಕ್ಕೆ ಜೋಡಿಸುವ ಮೊದಲೇ ಪಿನ್ ವೈಸ್‌ನಿಂದ (ಬೆರಳಲ್ಲಿ ತಿರುಗಿಸುವ ಸಣ್ಣ ಡ್ರಿಲ್) ಹಾಕಿಟ್ಟುಕೊಳ್ಳಿ. ಅಳತೆಗೆ ಡಿವೈಡರ್ ಇಟ್ಟು ಒಂದೊಂದೇ ತಂತಿ ಕತ್ತರಿಸಿ ಕೂರಿಸಿ. ಎಳೆದು ಕಟ್ಟುವ ದಾರ ಬೇಡ, ಹೊಸ ತೆಳು ರೆಕ್ಕೆಯನ್ನು ದಾರ ಬಗ್ಗಿಸುತ್ತದೆ.

ನೀವು ನೌಬಾದಿನವರು ಅಂದ್ರಲ್ಲ, ಒಂದು ದಿನ ಅಂಗಡಿಗೆ ಬನ್ನಿ. ಸಣ್ಣ ಉಳಿಗಳಿವೆ, ಕಾಕ್‌ಪಿಟ್ ತೂತಿನ ಅಂಚು ಅದರಿಂದ ಕೆತ್ತಿದರೆ ಬ್ಲೇಡಿಗಿಂತ ಶುದ್ಧವಾಗಿ ಬರುತ್ತದೆ.

ನೌಬಾದ್_ಹುಡುಗ (ಬೀದರ್)

ಸರ್, ಕಾಕಾ, ಇಬ್ಬರಿಗೂ ಬಹಳ ಥ್ಯಾಂಕ್ಸ್. ಸ್ಪೇರ್ ಚಕ್ರದ ಫೋಟೋ ತೆಗೆದಿಟ್ಟೆ. ರೆಕ್ಕೆ ಹೊಸದೇ ಮಾಡುತ್ತೇನೆ. ಕಾಕಾ, ಶುಕ್ರವಾರ ಬಿಟ್ಟು ಬೇರೆ ದಿನ ಬರುತ್ತೇನೆ.

ಬಣ್ಣ ಒಂದು ಉಳಿಯಿತು. ಪಿಸಿ10 ಅನ್ನುವ ಬಣ್ಣದ ಹೆಸರು ಎಲ್ಲ ಕಡೆ ಬರುತ್ತದೆ. ಒಬ್ಬರು ಹಸಿರು ಅನ್ನುತ್ತಾರೆ, ಇನ್ನೊಬ್ಬರು ಕಂದು ಅನ್ನುತ್ತಾರೆ. ಯಾವುದು ಹೊಡೆಯಲಿ?

ಅಪ್ಪನ_ಕೆರೆ (ಕಲಬುರಗಿ)

ಇಬ್ಬರದೂ ಸರಿ ತಮ್ಮಾ. ಪಿಸಿ10 ಅಂದರೆ ಹಳದಿ ಮಣ್ಣಿನ ಬಣ್ಣಕ್ಕೆ ದೀಪದ ಕಾಡಿಗೆ ಬೆರೆಸಿದ್ದು. ಬೆರಕೆಯ ಮೇಲೆ, ಮೇಲಿನ ವಾರ್ನಿಷ್ ಮೇಲೆ, ಬಿಸಿಲು ತಿಂದದ್ದರ ಮೇಲೆ ಹಸಿರೂ ಕಾಣುತ್ತದೆ, ಕಂದೂ ಕಾಣುತ್ತದೆ. ನಾನು ಡಬ್ಬಿಯ ಬಣ್ಣ ತರುವುದಿಲ್ಲ. ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಟ್ಯೂಬ್, ಯೆಲ್ಲೋ ಓಕರ್, ಅದಕ್ಕೆ ಹನಿ ಹನಿಯಾಗಿ ಕಪ್ಪು. ಬೆರೆಸುತ್ತಿದ್ದ ಹಾಗೆ ಹಳದಿ ಹೋಗಿ ಹಸಿರು ಛಾಯೆ ಎದ್ದು ಬರುತ್ತದೆ, ನೋಡುವುದಕ್ಕೇ ಖುಷಿ. ಒಂದು ಚೂರು ಕಂದು ಸೇರಿಸಿ ನಿಲ್ಲಿಸಿ. ನಿಜವಾದ ಪಿಸಿ10 ಆಗಿದ್ದೂ ಹೀಗೇ ಅಲ್ವಾ. ಇದು ರೆಕ್ಕೆಯ ಮೇಲ್ಭಾಗಕ್ಕೆ, ಬಾಡಿಯ ಬದಿಗೆ. ಕೆಳಭಾಗಕ್ಕೆ ಬಣ್ಣ ಇರಲಿಲ್ಲ. ದೋಪ್ (ಬಟ್ಟೆ ಬಿಗಿ ಮಾಡುವ ಲೇಪ) ಹಚ್ಚಿದ ಬಟ್ಟೆ ಅಷ್ಟೇ, ಹಾಲಿನ ಕೆನೆಯ ಬಣ್ಣ.

ಬಾಲದ ಪಟ್ಟಿ ಜೋಪಾನ. 1918ರಲ್ಲಿ ನೀಲಿ ಮುಂದೆ, ಬಿಳಿ ನಡುವೆ, ಕೆಂಪು ಹಿಂದೆ. 1930ರಲ್ಲಿ ಅದನ್ನು ತಿರುಗಿಸಿದರು. ನಮ್ಮ ಕಡೆ ಈಗ ಬಿಸಿಲು ಜಾಸ್ತಿ, ಸ್ಪ್ರೇ ಮಾಡುವುದಿದ್ದರೆ ಬೆಳಗಿನ ಆರು ಗಂಟೆಗೇ ಮಾಡಿ. ಮಧ್ಯಾಹ್ನ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗಿ ಪುಡಿ ಪುಡಿಯಾಗಿ ಕೂರುತ್ತದೆ. ಹೊಸ ರೆಕ್ಕೆಯನ್ನು ಕಿಟಕಿಯ ಹತ್ತಿರ ಇಡಲೇಬೇಡಿ.

ಯಾದಗಿರಿ_ಕೋಟೆ (ಯಾದಗಿರಿ)

ಬರಹದ ವಿಷಯಕ್ಕೆ ನಾನಿದ್ದೇನೆ. ಡಿಟಿಪಿ ಮತ್ತು ರೇಡಿಯಂ ಕಟಿಂಗ್ ಅಂಗಡಿ ನಮ್ಮದು. ಮಾಡೆಲ್ ಕಟ್ಟುವುದು ನನಗೆ ಬರುವುದಿಲ್ಲ, ಆದರೆ ಈ ಕಥೆ ಓದಿ ಸುಮ್ನೆ ಇರಲಾಗಲಿಲ್ಲ.

ಲೆಕ್ಕ ನೋಡಿ. ವಿಮಾನದ ಮೇಲೆ ಎರಡು ಇಂಚಿನ ಅಕ್ಷರ ಇದ್ದರೆ ನಿಮ್ಮ ಮಾಡೆಲ್‌ನಲ್ಲಿ ಮುಕ್ಕಾಲು ಮಿ.ಮೀ.ಗಿಂತ ಕಡಿಮೆ. 600 ಡಿಪಿಐ (ಇಂಚಿಗೆ 600 ಚುಕ್ಕೆ) ಲೇಸರ್ ಪ್ರಿಂಟರ್‌ನಲ್ಲಿ ಅಷ್ಟು ಎತ್ತರಕ್ಕೆ ಹದಿನಾರು ಚುಕ್ಕೆ ಬೀಳುತ್ತವೆ. ಓದಲು ಬರುತ್ತದೆ, ಆದರೆ ಅಕ್ಷರ ಸಾದಾ ಇರಬೇಕು, ದಪ್ಪ ಮಾಡಿದರೆ ಒಳಗಿನ ಸಂದು ಮುಚ್ಚಿಹೋಗುತ್ತದೆ. ಇಂಕ್‌ಜೆಟ್ ಬೇಡ, ನೀರಿಗೆ ಹಾಕಿದಾಗ ಹರಡುತ್ತದೆ. ನೀರಿನಲ್ಲಿ ಬಿಡುವ ಡೀಕಲ್ ಪೇಪರ್ ಮೇಲೆ ಲೇಸರ್, ಅದರ ಮೇಲೆ ತೆಳುವಾಗಿ ಕ್ಲಿಯರ್ ಲ್ಯಾಕರ್.

ಅಕ್ಷರ ಬಿಳಿ ಬೇಕಾದರೆ ಒಂದು ತೊಡಕಿದೆ. ಸಾಮಾನ್ಯ ಲೇಸರ್‌ನಲ್ಲಿ ಬಿಳಿ ಟೋನರ್ ಇರುವುದಿಲ್ಲ. ಆಗ ಬಿಳಿ ಡೀಕಲ್ ಪೇಪರ್ ತಗೊಂಡು, ಸುತ್ತಲಿನ ಬಣ್ಣವನ್ನು ಪ್ರಿಂಟ್ ಮಾಡಿ, ಅಕ್ಷರದ ಜಾಗ ಖಾಲಿ ಬಿಡಬೇಕು. ನೀವು ಬೆರೆಸಿದ ಪಿಸಿ10 ಬಣ್ಣವನ್ನು ಒಂದು ತುಂಡು ಪ್ಲಾಸ್ಟಿಕ್‌ಗೆ ಬಳಿದು ಒಣಗಿಸಿ ಕಳಿಸಿ. ಅದಕ್ಕೆ ಹತ್ತಿರದ ನಾಲ್ಕಾರು ಛಾಯೆ ಹೊಡೆದು ಕೊಡುತ್ತೇನೆ, ಕೂಡಿದ್ದನ್ನು ಅಂಟಿಸಿಕೊಳ್ಳಿ. ಅಂಚಿನಲ್ಲಿ ಸಣ್ಣ ಕುಂಚದಿಂದ ಅದೇ ಬಣ್ಣ ಎಳೆದರೆ ಜೋಡಣೆ ಕಾಣಿಸುವುದಿಲ್ಲ.

ರೆಕ್ಕೆಯ ದುಂಡು ಗುರುತುಗಳಿಗೆ ಡೀಕಲ್ ಯಾಕೆ? ರೇಡಿಯಂ ಮಷಿನ್‌ನಲ್ಲಿ ವಿನೈಲ್ ಕತ್ತರಿಸಿ ಮಾಸ್ಕ್ ಮಾಡುತ್ತೇನೆ. ಬಿಳಿ ಮೊದಲು ಹೊಡೆದು, ಆಮೇಲೆ ಕೆಂಪು, ಆಮೇಲೆ ನೀಲಿ. ಬೈಕ್ ನಂಬರ್ ಪ್ಲೇಟ್ ಕತ್ತರಿಸುವ ಮಷಿನ್ನೇ, ವೃತ್ತ ಚೆನ್ನಾಗಿ ಬರುತ್ತದೆ. ಸಣ್ಣ ಅಕ್ಷರ ಮಾತ್ರ ಅದರಲ್ಲಿ ಆಗುವುದಿಲ್ಲ, ಎದ್ದು ಹರಿಯುತ್ತದೆ.

ನೌಬಾದ್_ಹುಡುಗ (ಬೀದರ್)

ಅಣ್ಣಾ, ಇದಕ್ಕಿಂತ ಹೆಚ್ಚಿಗೆ ಏನು ಬೇಕು! ಬಣ್ಣ ಬೆರೆಸಿದ ಕೂಡಲೇ ತುಂಡು ಕಳಿಸುತ್ತೇನೆ. ಬರಹದ ಸಾಲುಗಳನ್ನು ಎಫ್1010 ಫೋಟೋದಿಂದ ಅಕ್ಷರ ಅಕ್ಷರ ನೋಡಿ ಬರೆದಿಟ್ಟುಕೊಳ್ಳುತ್ತಿದ್ದೇನೆ. 110 ಸ್ಕ್ವಾಡ್ರನ್ ಯುದ್ಧದ ಕೊನೆಯ ಕೆಲವೇ ವಾರಗಳಲ್ಲಿ ಶತ್ರುಗಳ ಕೈಯಲ್ಲೇ 17 ವಿಮಾನ ಕಳೆದುಕೊಂಡಿತು. ಉಳಿದ ಒಂದರಲ್ಲಿ ಹೆಸರು ಇನ್ನೂ ಇದೆ. ಅದರಲ್ಲಿ ಒಂದು ಅಕ್ಷರವೂ ತಪ್ಪಬಾರದು.

ಮಾಸ್ಕ್‌ಗೆ ಯಾವ ಅಳತೆ ಕೊಡಲಿ, ಹೊರಗಿನ ವೃತ್ತದ್ದು ಮಾತ್ರ ಸಾಕಾ?

ಯಾದಗಿರಿ_ಕೋಟೆ (ಯಾದಗಿರಿ)

ಮೂರೂ ವೃತ್ತದ ಅಡ್ಡಳತೆ ಮಿ.ಮೀ.ನಲ್ಲಿ ಕೊಡಿ. ಮೇಲಿನ ರೆಕ್ಕೆಗೆ ನೀಲಿಯ ಹೊರಗೆ ಸಣ್ಣ ಬಿಳಿ ಗೆರೆ ಇದ್ದರೆ ಅದನ್ನೂ ಸೇರಿಸಿ ನಾಲ್ಕು. ಎರಡು ಸೆಟ್ ಜಾಸ್ತಿಯೇ ಕತ್ತರಿಸಿ ಬಸ್ಸಿಗೆ ಹಾಕುತ್ತೇನೆ.