ತಗ್ಗು ಜಾಗದ ಬೇಲಿಗೆ ಇಂಕ್‌ಬೆರಿ ನಮ್ಮ ಮಂಗ್ಳೂರಲ್ಲಿ ಆಗ್ತದಾ?

ಸುರತ್ಕಲ್ ಹಿತ್ಲು:
ನಮ್ಮ ಮನೆ ಹಿಂದೆ ಮೊದ್ಲು ಬೈಲುಗದ್ದೆ ಇದ್ದ ಜಾಗ, ಮಳೆಗಾಲ ಇಡೀ ಕಂಪೌಂಡ್ ಬದಿಯಲ್ಲಿ ನೀರು ನಿಲ್ತದೆ, ಡುರಾಂಟ ಬೇಲಿ ಹಾಕಿದ್ದು ಬೇರು ಕೊಳೆತು ಹೋಯ್ತು. ಮಗಳು ಇರುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಅಲ್ಲಿ ನೀರಿಳಿಯುವ ತಗ್ಗಲ್ಲೇ ಇಂಕ್‌ಬೆರಿ ಅಂತ ಪೊದೆ ನೆಡ್ತಾರಂತೆ, ವರ್ಷ ಇಡೀ ಹಸಿರು, ಮುಳ್ಳಿಲ್ಲ, ಕಪ್ಪು ಕಪ್ಪು ಹಣ್ಣು. ಫೋಟೋ ನೋಡಿ ತುಂಬ ಇಷ್ಟ ಆಯ್ತು. ಡಿಸೆಂಬರಲ್ಲಿ ಬರುವಾಗ ನಾಲ್ಕು ಗೆಲ್ಲು ತರ್ಲಾ ಕೇಳ್ತಿದ್ದಾಳೆ, ಬದುಕ್ತದಾ ಇಲ್ಲಿ?

ಗುರುಪುರ ತೋಟ:
ಗೆಲ್ಲು ತರುದು ಬೇಡ ಅಂತ ಇವತ್ತೇ ಹೇಳಿಬಿಡಿ ಮಾರಾಯ್ರೆ. ನಮ್ಮ ಸರ್ಕಾರದ 2003ರ ಪ್ಲಾಂಟ್ ಕ್ವಾರಂಟೈನ್ ಆರ್ಡರ್ ಪ್ರಕಾರ ಇಂಪೋರ್ಟ್ ಪರ್ಮಿಟ್, ಗಿಡಕ್ಕೆ ರೋಗ ಕೀಟ ಇಲ್ಲ ಅಂತ ಆ ದೇಶ ಕೊಡುವ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಎರಡೂ ಇಲ್ಲದೆ ಜೀವಂತ ಗಿಡ ತರುವ ಹಾಗಿಲ್ಲ.

ಗಿಡ ಮಾತ್ರ ಚಂದದ್ದೇ. ಸಸ್ಯಶಾಸ್ತ್ರದ ಹೆಸರು ಇಲೆಕ್ಸ್ ಗ್ಲಾಬ್ರಾ, ಕ್ರಿಸ್‌ಮಸ್ ಅಲಂಕಾರಕ್ಕೆ ಇಡ್ತಾರಲ್ಲ ಹಾಲಿ ಗಿಡ, ಅದ್ರ ಜಾತಿದು, ಕೆನಡಾದ ನೋವಾ ಸ್ಕೋಶಿಯಾದಿಂದ ಫ್ಲೋರಿಡಾ ವರೆಗೆ ಕರಾವಳಿ ಜೌಗಲ್ಲಿ ತಾನಾಗಿ ಬೆಳೀತದೆ, ಹುಳಿ (ಆಮ್ಲೀಯ) ಮಣ್ಣು ಬೇಕು, ಬೇರಿಂದ ಹೊಸ ಚಿಗುರು ಎಬ್ಬಿಸಿ ಹಬ್ಬುದ್ರಿಂದ ಬೆಂಕಿ ಬಿದ್ರೂ ಮತ್ತೆ ಏಳ್ತದೆ. ಅಲ್ಲಿ ಬೇಲಿಗೆ ಹಾಕುವ ಬಾಕ್ಸ್‌ವುಡ್ ಪೊದೆಗೆ ಬ್ಲೈಟ್ ಅಂತ ಎಲೆ ಉದುರಿಸುವ ಶಿಲೀಂಧ್ರ ರೋಗ ಬಂದ ಮೇಲೆ ಅಲ್ಲಿಯವ್ರು ಅದ್ರ ಬದ್ಲು ಇದನ್ನೇ ನೆಡ್ತಿದ್ದಾರೆ. ಗಂಡು ಹೆಣ್ಣು ಬೇರೆ ಬೇರೆ ಗಿಡ, ಹತ್ರದಲ್ಲಿ ಗಂಡು ಗಿಡ ಇದ್ರೆ ಮಾತ್ರ ಹೆಣ್ಣಲ್ಲಿ ಹಣ್ಣು. ಆ ಹಣ್ಣು ಚಳಿಗಾಲ ಇಡೀ ಗಿಡದಲ್ಲೇ ಇರ್ತದೆ, ಹಕ್ಕಿಗಳಿಗೆ ಆಗ್ತದೆ, ನಾವು ತಿನ್ಲಿಕ್ಕಿಲ್ಲ. ಜಾರ್ಜಿಯಾ, ಫ್ಲೋರಿಡಾ ಕಡೆ ಇದಕ್ಕೆ ಗಾಲ್‌ಬೆರಿ ಅಂತಲೂ ಹೆಸರು, ಇದ್ರ ಹೂವಿನ ಜೇನು ಗಾಲ್‌ಬೆರಿ ಹನಿ ಅಂತ ಫೇಮಸ್ಸು.

ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿಯೇ, ಅದು ಅದಕ್ಕೆ ಹಿಡಿಸೀತು. ಆದ್ರೆ ಅದು ಚಳಿಗಾಲ ಕಂಡ ಗಿಡ, ನಮ್ಮಲ್ಲಿ ಜನವರಿ ರಾತ್ರಿಯೂ ಬೆಚ್ಚಗೆ, ಹಾಗಾಗಿ ನಾನು ನೆಡ್ಲಿಕ್ಕೆ ಹೇಳುದಿಲ್ಲ.

ಕಾಪು ಹಸಿರು:
ಅಷ್ಟು ದೂರ ಯಾಕೆ ಹೋಗ್ಬೇಕು, ನಮ್ಮ ಗುಡ್ಡೆಯಲ್ಲಿ ತಾನಾಗಿ ಬೆಳೆಯುವ ಪೊದೆ ನೆಕ್ಕರಿಕ (ಮೆಲಾಸ್ಟೊಮಾ) ಉಂಟಲ್ಲ! ಹುಳಿ ಮಣ್ಣು, ತೇವ ಜಾಗ, ವರ್ಷ ಇಡೀ ಹಸಿರು, ಕಪ್ಪು ಹಣ್ಣು, ನಿಮ್ಗೆ ಬೇಕಾದ್ದೆಲ್ಲ ಅದ್ರಲ್ಲೇ ಉಂಟು. ಮೇಲಿಂದ ಆ ನೇರಳೆ ಹೂ ಬೇರೆ, ಇಂಕ್‌ಬೆರಿ ಹೂ ಬಿಳಿ, ಸಣ್ಣದು, ಕಣ್ಣಿಗೇ ಬೀಳುದಿಲ್ಲ. ನೆಕ್ಕರಿಕ ಹಣ್ಣು ಮಕ್ಕಳೂ ತಿನ್ಬಹುದು, ನಾಲಿಗೆ ಕಪ್ಪಾಗ್ತದೆ ಅಷ್ಟೇ. ಬೆಳಿಗ್ಗೆ ಅದ್ರ ಹತ್ರ ನಿಂತು ನೋಡಿ, ದೊಡ್ಡ ಕಪ್ಪು ದುಂಬಿ ಬಂದು ಹೂ ಹಿಡ್ಕೊಂಡು ಝುಂಯ್ ಅಂತ ಮೈ ನಡುಗಿಸ್ತದೆ, ಹಾಗೆ ನಡುಗಿಸಿದ್ರೇ ಕೇಸರದ ತುದಿಯ ಸಣ್ಣ ತೂತಿಂದ ಪರಾಗ ಉದುರುದು. ಇಷ್ಟು ಒಳ್ಳೆ ಗಿಡವನ್ನು ನಾವೇ ಸೈಟ್ ಕ್ಲೀನ್ ಮಾಡುವಾಗ ಜೆಸಿಬಿಯಲ್ಲಿ ಕಿತ್ತು ಬಿಸಾಡ್ತೇವೆ, ನನಗೆ ಅದು ನೋಡ್ಲಿಕ್ಕೇ ಆಗುದಿಲ್ಲ.

ಸುರತ್ಕಲ್ ಹಿತ್ಲು:
ನೆಕ್ಕರಿಕ ನಮ್ಮ ಗುಡ್ಡೆಯಲ್ಲಿ ಬೇಕಾದಷ್ಟು ಉಂಟು, ಬೇಲಿಗೆ ಆಗ್ತದೆ ಅಂತ ಯೋಚ್ನೆಯೇ ಬಂದಿರ್ಲಿಲ್ಲ. ಮಗಳಿಗೆ ಬೇಡ ಅಂತ ಹೇಳಿದೆ. ಆದ್ರೆ ನೀರು ನಿಂತ್ರೆ ತಡ್ಕೊಳ್ತದಾ, ನರ್ಸರಿಯಲ್ಲಿ ಸಿಕ್ತದಾ?

ಕಾಪು ಹಸಿರು:
ನಾನು ಕೇಳಿದ ನರ್ಸರಿಯಲ್ಲೆಲ್ಲ ಇಲ್ಲ ಅಂದ್ರು. ಮಳೆ ಹಿಡಿದ ಮೇಲೆ ಅರೆ ಬಲಿತ ಗೆಲ್ಲು ಕಡಿದು ಊರಿ, ಬೇರು ಬರ್ತದೆ. ಕಾಡಿಂದ ಬುಡ ಸಮೇತ ಕೀಳ್ಬೇಡಿ. ತೇವ ಅಂದ್ರೆ ಸರಿ, ತಿಂಗಳುಗಟ್ಲೆ ಬುಡ ಮುಳುಗಿದ್ರೆ ಯಾವ ಬೇಲಿಗೂ ಕಷ್ಟ, ಹಾಗಾಗಿ ಗದ್ದೆಯ ಕಟ್ಟಪುಣಿ ಥರ ಉದ್ದಕ್ಕೆ ದಂಡೆ ಕಟ್ಟಿ ಅದ್ರ ಮೇಲೆ ನೆಡಿ. ಬುಡ ಬೋಳಾಗದ ಹಾಗೆ ಆಗಾಗ ತುದಿ ಚಿವುಟ್ತಾ ಇರಿ.

ಗುರುಪುರ ತೋಟ:
ನೆಕ್ಕರಿಕಕ್ಕೆ ನನ್ನದೂ ಓಟು. ಇನ್ನೊಂದು ವಿಷಯ, ಇದೇ ನೆಕ್ಕರಿಕ ಹವಾಯಿ ದ್ವೀಪಕ್ಕೆ ಹೋಗಿ ಅಲ್ಲಿ ಕಾಡಿಗೆ ನುಗ್ಗಿದ ಕಳೆಯಾಗಿದೆ, ಅಮೆರಿಕ ಸರ್ಕಾರದ ಅಪಾಯಕಾರಿ ಕಳೆಗಳ ಲಿಸ್ಟಲ್ಲೇ ಉಂಟು. ಮಗಳು ವಾಪಸ್ ಹೋಗುವಾಗ ಇಲ್ಲಿಂದ ಬೀಜವೂ ಕಳಿಸ್ಬೇಡಿ. ದಂಡೆ ಕೆಲಸ ಏಪ್ರಿಲಲ್ಲೇ ಮುಗಿಸಿ, ಜೂನ್ ಬಂದ್ರೆ ಆ ಕೆಸರಲ್ಲಿ ಕಾಲಿಡ್ಲಿಕ್ಕಾಗುದಿಲ್ಲ.