ಪದಚರ್ಚೆ: ಯೆಹೂದಿ, ಕ್ರೈಸ್ತ, ಇಸ್ಲಾಂ – ಮೂರಕ್ಕೂ ಸೇರಿಸಿ ಒಂದು ಹೆಸರು ಬೇಕು (ಅರ್ಜೆಂಟು)

ಸು. ರಾ. ಬರೆದರು:

ಎಲ್ಲರಿಗೂ ನಮಸ್ಕಾರ. ಲೋಕದ ಧರ್ಮಗಳ ಬಗ್ಗೆ ಒಂದು ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ಒಂದು ಫಲಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಯೆಹೂದಿ, ಕ್ರೈಸ್ತ, ಇಸ್ಲಾಂ ಮೂರನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಅಬ್ರಹಾಮಿಕ್ ರಿಲಿಜನ್ಸ್ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನು ಹಾಕಲಿ? ತಲೆಬರಹಕ್ಕೆ ಎರಡೇ ಪದದ ಜಾಗ. ನಾಳೆ ಮಧ್ಯಾಹ್ನ ಮುದ್ರಣಕ್ಕೆ ಹೋಗುತ್ತದೆ.

ನನಗೆ ಹೊಳೆದವು: ಅಬ್ರಹಾಮಿಕ್ ಧರ್ಮಗಳು, ಅಬ್ರಹಾಮೀಯ ಮತಗಳು, ಸೆಮಿಟಿಕ್ ಮತಗಳು, ಏಕದೇವ ಮತಗಳು, ಗ್ರಂಥದ ಧರ್ಮಗಳು. ಕೆಳಗೆ ಒಂದು ಸಾಲಿನ ವಿವರಣೆ ಇದೆ: 'ಮೂರೂ ಧರ್ಮಗಳು ಒಬ್ಬನೇ ಮೂಲಪುರುಷನನ್ನು ಒಪ್ಪುತ್ತವೆ.' ಇದೂ ಸರಿ ಇದೆಯಾ ನೋಡಿ, ದಯವಿಟ್ಟು.

ವೆಂ. ಬರೆದರು:

ಸೆಮಿಟಿಕ್. ಎಲ್ಲರೂ ಅದನ್ನೇ ಬರೆಯುತ್ತಾರೆ. ಇಷ್ಟಕ್ಕೆ ಚರ್ಚೆ ಯಾಕೆ?

ಹ. ನಾ. ಬರೆದರು:

ಎಲ್ಲರೂ ಬರೆಯುತ್ತಾರೆ, ಎಲ್ಲರೂ ತಪ್ಪು ಬರೆಯುತ್ತಾರೆ. ಸೆಮಿಟಿಕ್ ಅನ್ನೋದು ಭಾಷೆಗಳ ಕುಟುಂಬದ ಹೆಸರು. ನೋಹನ ಮಗ ಶೇಮನ ಹೆಸರಿನಿಂದ 1781ರಲ್ಲಿ ಶ್ಲೋಟ್ಸರ್ ಎಂಬ ಜರ್ಮನ್ ವಿದ್ವಾಂಸ ಮಾಡಿದ್ದು. ಹೀಬ್ರೂ, ಅರಬ್ಬಿ, ಅರಾಮಿಕ್, ಇಥಿಯೋಪಿಯಾದ ಅಮ್ಹಾರಿಕ್ ಎಲ್ಲ ಅದರಲ್ಲಿ ಬರುತ್ತವೆ. ಮರ್ದುಕ್, ಇಷ್ಟಾರ್ ದೇವತೆಗಳನ್ನು ಪೂಜಿಸುತ್ತಿದ್ದ ಬ್ಯಾಬಿಲೋನಿಯದವರ ಅಕ್ಕಾಡಿಯನ್ ಕೂಡ ಸೆಮಿಟಿಕ್ಕೇ. ಹಾಗಾದರೆ ಅವರದ್ದೂ ಈ ಫಲಕಕ್ಕೆ ಸೇರಬೇಕಾ? ಇತ್ತ ಕ್ರೈಸ್ತರ ಹೊಸ ಒಡಂಬಡಿಕೆ ಇರುವುದು ಗ್ರೀಕಿನಲ್ಲಿ. ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲಿ ಒಂದಾದ ಇಂಡೋನೇಷ್ಯಾದ ಭಾಷೆ ಸೆಮಿಟಿಕ್ ಅಲ್ಲ. ಇನ್ನೊಂದು ವಿಷಯ. ಕನ್ನಡದಲ್ಲಿ 'ಸೆಮಿಟಿಕ್ ಮತಗಳು' ಅಂತ ಶುರುವಾದ ವಾಕ್ಯ ಸಾಮಾನ್ಯವಾಗಿ ಬೈಗುಳದಲ್ಲಿ ಮುಗಿಯುತ್ತದೆ. ಫಲಕಕ್ಕೆ ಬೇಡ.

ಏಕದೇವ ಕೂಡ ಬೇಡ. ಸಿಖ್ಖರು ಎಲ್ಲಿ ಹೋಗಬೇಕು? ಅದಿರಲಿ, ಯಾರದು ನಿಜವಾದ ಏಕದೇವ ಅನ್ನೋದೇ ಈ ಮೂವರ ಹಳೆಯ ಜಗಳ. 12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿಡೀಸ್ ಇಸ್ಲಾಂ ವಿಗ್ರಹಾರಾಧನೆ ಅಲ್ಲ ಎಂದರು. ತ್ರಿತ್ವ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂದು ಒಪ್ಪುವ ಕ್ರೈಸ್ತರಿಗೆ ಆ ಮಾತು ಹೇಳಲಿಲ್ಲ. ಜಗಳದ ವಿಷಯವನ್ನೇ ಹೆಸರು ಮಾಡಿದರೆ ಹೇಗೆ?

ಪು. ಶಾ. ಬರೆದರು:

ವ್ಯಾಕರಣ ಯಾರೂ ನೋಡುತ್ತಿಲ್ಲ. ಅಬ್ರಹಾಮ ಎಂಬ ನಾಮಕ್ಕೆ 'ಇಕ' ಹಚ್ಚಿದರೆ ಆದಿವೃದ್ಧಿ, ಅಂದರೆ ಪದದ ಮೊದಲ ಸ್ವರ ಹಿಗ್ಗುವುದು, ಆಗಲೇಬೇಕು. ಸಮಾಜ, ಸಾಮಾಜಿಕ. ಅಬ್ರಹಾಮ, ಆಬ್ರಹಾಮಿಕ. 'ಅಬ್ರಹಾಮಿಕ್' ಎಂಬುದು ಇಂಗ್ಲಿಷಿನ ಬಾಲ ಕತ್ತರಿಸಿ ತಂದದ್ದು. ಪರಭಾಷೆಯ ಹೆಸರಿಗೆ ವೃದ್ಧಿ ಆಗಲ್ಲ ಅನ್ನುವವರು ಕ್ರಿಸ್ತ, ಕ್ರೈಸ್ತ ನೋಡಿಕೊಳ್ಳಿ. ಗ್ರೀಕ್ ಪದವೇ ನಮ್ಮ ಸೂತ್ರಕ್ಕೆ ಬಗ್ಗಿದೆ.

ವೆಂ. ಬರೆದರು:

ಯೆಹೂದ್ಯ ಯಾಕೆ ಬಗ್ಗಲಿಲ್ಲ? ಯೈಹೂದ್ಯ ಅನ್ನಬೇಕಿತ್ತು, ಅಲ್ವಾ?

ರಂ. ಬರೆದರು:

ಮೂಲವನ್ನೇ ಮರೆತಿದ್ದೀರಿ. ಅಬ್ರಹಾಂ ಎಂದರೆ ಬ್ರಹ್ಮ. ಮುಂದೆ ಒಂದು 'ಅ' ಸೇರಿದೆ ಅಷ್ಟೇ. ಹೆಂಡತಿ ಸಾರಾ ಎಂದರೆ ಸರಸ್ವತಿ. ಇದನ್ನು ಫಲಕದಲ್ಲಿ ಹಾಕಿದರೆ ಜನಕ್ಕೆ ಅರ್ಥವಾಗುತ್ತದೆ.

ಹ. ನಾ. ಬರೆದರು:

ಅರ್ಥವಾಗುವುದಿಲ್ಲ, ದಾರಿ ತಪ್ಪುತ್ತದೆ. ಹೆಸರು ಮೊದಲು ಅಬ್ರಾಮ. 'ಅಬ್' ಅಂದರೆ ಅಪ್ಪ, 'ರಾಮ್' ಅಂದರೆ ಎತ್ತರದ. ಬೈಬಲ್ಲಿನ ಆದಿಕಾಂಡದ 17ನೇ ಅಧ್ಯಾಯದಲ್ಲಿ ದೇವರು ಅದನ್ನು ಅಬ್ರಹಾಮ ಎಂದು ಬದಲಿಸಿ, ಬಹು ಜನಾಂಗಗಳ ತಂದೆ ಎಂದು ಅರ್ಥ ಹೇಳುತ್ತಾನೆ. ಮೊದಲ 'ಅ' ಧಾತುವಿನದೇ ಅಕ್ಷರ, ಕಿತ್ತುಹಾಕಲು ಬರುವುದಿಲ್ಲ. ಸಾರಾ ಅಂದರೆ ಹೀಬ್ರೂವಿನಲ್ಲಿ ರಾಜಕುಮಾರಿ. ಈ ಬ್ರಹ್ಮನ ಊಹೆ 18ನೇ ಶತಮಾನದಲ್ಲಿ ಫ್ರೆಂಚ್ ಲೇಖಕ ವಾಲ್ಟೇರನಿಗೂ ಬಂದಿತ್ತು. ಆಗ ಭಾಷೆಗಳನ್ನು ಹೋಲಿಸಿ ನೋಡುವ ಭಾಷಾಶಾಸ್ತ್ರ ಇನ್ನೂ ಹುಟ್ಟಿರಲಿಲ್ಲ. ಈಗ ಹುಟ್ಟಿದೆ.

ರಂ. ಬರೆದರು:

ನಿಮ್ಮ ಭಾಷಾಶಾಸ್ತ್ರ ಯಾರು ಬರೆದದ್ದು ಅಂತ ಗೊತ್ತು. ನನ್ನ ಮಾತು ಮುಗಿಯಿತು.

ನ. ಬರೆದರು:

'ಗ್ರಂಥದ ಧರ್ಮಗಳು' ಬಗ್ಗೆ ಯಾರೂ ಹೇಳಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಕುರ್‌ಆನಿನ 'ಅಹ್ಲುಲ್ ಕಿತಾಬ್' ಎಂಬುದನ್ನು ಕನ್ನಡ ಅನುವಾದಗಳಲ್ಲಿ 'ಗ್ರಂಥದವರು' ಅಂತ ಮಾಡಿದ್ದಾರೆ. ಆದರೆ ಅದು ಯೆಹೂದಿಗಳಿಗೂ ಕ್ರೈಸ್ತರಿಗೂ ಹೇಳುವ ಮಾತು. ಮುಸ್ಲಿಮರು ತಮ್ಮನ್ನು ಅದರಲ್ಲಿ ಸೇರಿಸಿಕೊಳ್ಳುವುದಿಲ್ಲ. ಮೂವರಿಗೂ ಅದೇ ಹೆಸರು ಹಾಕಿದರೆ ಇಸ್ಲಾಮಿನ ಒಳಗಿನ ಪದವನ್ನು ಅರ್ಥ ಬದಲಿಸಿ ಬಳಸಿದ ಹಾಗಾಗುತ್ತದೆ.

ಇನ್ನು ಹೆಸರು. ನೀವೆಲ್ಲ ಅಬ್ರಹಾಮ ಅಂತಲೇ ಬರೆಯುತ್ತಿದ್ದೀರಿ. ಅದು ಕನ್ನಡ ಬೈಬಲ್ಲಿನ ರೂಪ. ಮುಸ್ಲಿಮರಾದ ನಮಗೆ ಇಬ್ರಾಹೀಮ್. ಮೋಶೆ ನಮಗೆ ಮೂಸಾ, ದಾವೀದ ನಮಗೆ ದಾವೂದ್, ಯೇಸು ನಮಗೆ ಈಸಾ. ಒಂದೇ ಫಲಕ ಮೂವರ ಬಗ್ಗೆ ಇರುವಾಗ ಕಾಗುಣಿತ ಮಾತ್ರ ಒಬ್ಬರದ್ದು ಯಾಕೆ?

ಚೆ. ಬರೆದರು:

ನನ್ನ ತಕರಾರು ಬೇರೆ. ಧರ್ಮ ಸಂಸ್ಕೃತ, ಮತ ಸಂಸ್ಕೃತ, ಈಯ ಸಂಸ್ಕೃತ, ಇಕ ಸಂಸ್ಕೃತ. ಈ ಫಲಕದಲ್ಲಿ ಕನ್ನಡ ಇರುವುದು 'ಗಳು' ಒಂದೇ. ನಮ್ಮ ನುಡಿಯ ಮೇಲೆ ನಮಗೆ ಹಕ್ಕಿಲ್ಲವೇ? 'ಅಬ್ರಹಾಮನ ನಂಬುಗೆಗಳು' ಅನ್ನಿ. ಬೇಡವಾದರೆ 'ಅಬ್ರಹಾಮನ ನಡೆಗಳು'.

ಪು. ಶಾ. ಬರೆದರು:

ತಕರಾರು ಅರಬ್ಬಿ. ಹಕ್ಕು ಅರಬ್ಬಿ. ನಿಮ್ಮ ಎರಡು ವಾಕ್ಯದಲ್ಲೇ ಎರಡು ಸಾಲ. ಸಂಸ್ಕೃತದ ಸಾಲ ಮಾತ್ರ ಚುಚ್ಚುತ್ತದೆಯೇ?

ಚೆ. ಬರೆದರು:

ಜನ ಬಾಯಲ್ಲಿ ಬಳಸಿ ಸವೆಸಿದ ಪದ ಕನ್ನಡದ್ದೇ. ವಕೀಲ, ಬಾಕಿ, ಕಾಯ್ದೆ ಎಲ್ಲ ಹಾಗೆ ಬಂದವು. ಪಾದ್ರಿ, ಇಗರ್ಜಿ ಪೋರ್ಚುಗೀಸಿನಿಂದ ಬಂದವು, ಯಾರೂ ಸೂತ್ರ ಕೇಳಲಿಲ್ಲ. 'ಆಬ್ರಹಾಮಿಕ' ಯಾರ ಬಾಯಲ್ಲಿ ಸವೆದಿದೆ ಹೇಳಿ. ಮೇಜಿನ ಮೇಲೆ ಕುಳಿತು ಮಾಡಿದ ಪದ ಅದು.

ಜೆ. ಬರೆದರು:

'ನಂಬುಗೆ' ಅಂದರೆ ಕ್ರೈಸ್ತರಿಗೆ ಒಪ್ಪುತ್ತದೆ. ನಮ್ಮಲ್ಲಿ ವಿಶ್ವಾಸಪ್ರಮಾಣವನ್ನೇ ಎದ್ದು ನಿಂತು ಹೇಳುತ್ತೇವೆ. ಯೆಹೂದಿಗಳಿಗೆ ಅದು ಅಷ್ಟು ಹೊಂದುವುದಿಲ್ಲ. ಅವರಲ್ಲಿ ಏನು ನಂಬುತ್ತೀರಿ ಅನ್ನೋದಕ್ಕಿಂತ ಏನು ಮಾಡುತ್ತೀರಿ ಅನ್ನೋದು ಮುಖ್ಯ. ಅವರ ಧರ್ಮನಿಯಮಕ್ಕೆ ಹಲಾಖಾ ಅನ್ನುತ್ತಾರೆ. ಅದರ ಧಾತು 'ನಡೆ' ಅನ್ನೋದೇ. ಹಾಗಾಗಿ ಚೆ. ಅವರ ಎರಡನೇ ಪದ ಮೊದಲನೆಯದಕ್ಕಿಂತ ಚೆನ್ನಾಗಿದೆ. ಆದರೆ 'ಅಬ್ರಹಾಮನ ನಡೆಗಳು' ಅಂತ ಫಲಕ ಹಾಕಿದರೆ ಜನ ಚದುರಂಗ ಅಂದುಕೊಳ್ಳುತ್ತಾರೆ.

ಹ. ನಾ. ಬರೆದರು:

ಸು. ರಾ. ಅವರೇ, ಪ್ರತ್ಯಯದ ಜಗಳ ನಡೆಯಲಿ. ನಿಮ್ಮ ವಿವರಣೆಯ ಸಾಲಿನ ಬಗ್ಗೆ ನನಗೆ ಜಾಸ್ತಿ ಚಿಂತೆ. 'ಒಬ್ಬನೇ ಮೂಲಪುರುಷನನ್ನು ಒಪ್ಪುತ್ತವೆ' ಅಂದಾಗ, ಮೂರೂ ಒಂದೇ ಮನೆಯ ಮಕ್ಕಳು, ಅಪ್ಪನ ಬಗ್ಗೆ ಭಿನ್ನಮತ ಇಲ್ಲ ಅಂತ ಓದುಗರಿಗೆ ಅನಿಸುತ್ತದೆ. ಅದು ನಿಜವಲ್ಲ. ಒಂದೇ ಆಸ್ತಿಗೆ ಮೂವರು ವಾರಸುದಾರರು ಪತ್ರ ಹಿಡಿದು ನಿಂತ ಹಾಗೆ ಇದು.

ಯೆಹೂದಿಗಳಿಗೆ ಅಬ್ರಹಾಮ ದೇವರ ಜೊತೆ ಒಡಂಬಡಿಕೆ ಮಾಡಿಕೊಂಡವನು. ಆ ಒಡಂಬಡಿಕೆ ಮಗ ಇಸಾಕ, ಮೊಮ್ಮಗ ಯಾಕೋಬರ ಮೂಲಕ ಇಸ್ರಾಯೇಲ್ ಜನಕ್ಕೆ ಇಳಿಯುತ್ತದೆ. ಸುನ್ನತಿ ಅದರ ಗುರುತು. ಹಾಗಂತ ಬರೀ ರಕ್ತದ ಲೆಕ್ಕವೂ ಅಲ್ಲ. ಹೊರಗಿನಿಂದ ಬಂದು ಯೆಹೂದಿ ಆದವರನ್ನು ಧಾರ್ಮಿಕ ವಿಧಿಗಳಲ್ಲಿ 'ಅಬ್ರಹಾಮನ ಮಗ', 'ಅಬ್ರಹಾಮನ ಮಗಳು' ಎಂದೇ ಕರೆಯುತ್ತಾರೆ. ಹಾಗೆ ಬಂದವನು 'ನಮ್ಮ ಪಿತೃಗಳ ದೇವರು' ಎಂದು ಪ್ರಾರ್ಥನೆ ಹೇಳಬಹುದೇ ಅನ್ನೋ ಪ್ರಶ್ನೆ ಮೈಮೊನಿಡೀಸ್ ಮುಂದೆ ಬಂದಿತ್ತು. ಧಾರಾಳವಾಗಿ ಹೇಳು, ಅಬ್ರಹಾಮ ನಿನಗೂ ತಂದೆಯೇ ಎಂಬ ಅರ್ಥದ ಉತ್ತರ ಬರೆದರು.

ಕ್ರೈಸ್ತರ ಅಪೊಸ್ತಲ ಪೌಲ ಇದನ್ನು ತಿರುಗಿಸಿಬಿಟ್ಟ. ಸುನ್ನತಿ ಆಗುವ ಮೊದಲೇ ಅಬ್ರಹಾಮ ನಂಬಿದ್ದ, ಆಗಲೇ ನೀತಿವಂತ ಅನಿಸಿಕೊಂಡ. ಆದ್ದರಿಂದ ನಂಬುವವರೇ ಅವನ ಮಕ್ಕಳು. ರೋಮಾಪುರದವರಿಗೆ ಬರೆದ ಪತ್ರದಲ್ಲೂ ಗಲಾತ್ಯದವರಿಗೆ ಬರೆದದ್ದರಲ್ಲೂ ಇದೇ ವಾದ. ಅದಕ್ಕೆ ಪೀಠಿಕೆಯ ಹಾಗೆ ಮತ್ತಾಯನ ಸುವಾರ್ತೆಯಲ್ಲಿ ಸ್ನಾನಿಕ ಯೋಹಾನನ ಮಾತಿದೆ: ಅಬ್ರಹಾಮ ನಮ್ಮ ತಂದೆ ಅಂತ ಬೀಗಬೇಡಿ, ದೇವರು ಈ ಕಲ್ಲುಗಳಿಂದಲೂ ಅವನಿಗೆ ಮಕ್ಕಳನ್ನು ಹುಟ್ಟಿಸಬಲ್ಲ.

ಕುರ್‌ಆನ್ ಮೂರನೇ ಅಧ್ಯಾಯದಲ್ಲಿ ಇಬ್ಬರನ್ನೂ ಒಟ್ಟಿಗೆ ಕೇಳುತ್ತದೆ: ತೋರಾ (ಯೆಹೂದಿಗಳ ಗ್ರಂಥ), ಇಂಜೀಲ್ (ಯೇಸುವಿನ ಸುವಾರ್ತೆ) ಎರಡೂ ಇಬ್ರಾಹೀಮರ ನಂತರ ಬಂದವು, ಮತ್ತೆ ಯಾಕೆ ಜಗಳ? ಇಬ್ರಾಹೀಮರು ಯೆಹೂದಿಯೂ ಅಲ್ಲ, ಕ್ರೈಸ್ತರೂ ಅಲ್ಲ, ಏಕನಿಷ್ಠರಾಗಿ ದೇವರಿಗೆ ಶರಣಾದವರು. ಅಂದರೆ ಇಸ್ಲಾಂ ತನ್ನನ್ನು ಮೂರನೆಯದು ಅಂತ ನೋಡುವುದಿಲ್ಲ. ಮೊದಲನೆಯದನ್ನು ಮತ್ತೆ ನಿಲ್ಲಿಸಿದ್ದು ಅಂತ ನೋಡುತ್ತದೆ. ಇದು ಗೊತ್ತಿಲ್ಲದೆ 'ಮೂಲ ಯೆಹೂದಿ, ಅದರಿಂದ ಕ್ರೈಸ್ತ, ಅದರಿಂದ ಇಸ್ಲಾಂ' ಅಂತ ಬಾಣದ ಗುರುತು ಹಾಕಿದ ಚಿತ್ರಗಳು ಬಹಳ ಓಡಾಡುತ್ತವೆ. ನಿಮ್ಮ ಫಲಕದಲ್ಲಿ ಅಂಥ ಬಾಣ ಇದ್ದರೆ ತೆಗೆಸಿ. ಇತಿಹಾಸದ ಕಡೆಯಿಂದ ನೋಡಿದರೂ ಬಾಣ ನಿಲ್ಲುವುದಿಲ್ಲ. ಈಗಿನ ಯೆಹೂದಿ ಧರ್ಮ ರಬ್ಬಿಗಳ, ಅಂದರೆ ಯೆಹೂದಿ ಧರ್ಮಗುರುಗಳ, ಕೈಯಲ್ಲಿ ರೂಪ ಪಡೆದದ್ದು ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ಮೇಲೆ. ಕ್ರೈಸ್ತ ಧರ್ಮ ಬೇರೆಯಾಗಿ ನಿಂತದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ತಾಯಿ ಮಗಳು ಅನ್ನುವುದಕ್ಕಿಂತ ಅಕ್ಕ ತಂಗಿ ಅನ್ನುವುದು ವಾಸಿ. ಮುಂದೆ ಕೊಡುಕೊಳ್ಳುವಿಕೆ ಎಲ್ಲ ದಿಕ್ಕಿಗೂ ನಡೆಯಿತು. ಮೈಮೊನಿಡೀಸ್ ತಮ್ಮ ದೊಡ್ಡ ತತ್ವಗ್ರಂಥ ಬರೆದದ್ದೇ ಅರಬ್ಬಿಯಲ್ಲಿ, ಹೀಬ್ರೂ ಲಿಪಿ ಬಳಸಿ.

ಜೆ. ಬರೆದರು:

ಒಂದು ಸೇರಿಸುತ್ತೇನೆ. ಪು. ಶಾ. ಅವರ 'ಕ್ರಿಸ್ತ' ಇದೆಯಲ್ಲ, ಅದು ಹೀಬ್ರೂವಿನ ಮಷೀಅಖ್ ಎಂಬುದರ ಗ್ರೀಕ್ ಅನುವಾದ. ಅಭಿಷೇಕವಾದವನು ಅಂತ. ಯೆಹೂದಿಗಳ ಸಾಂಪ್ರದಾಯಿಕ ನಂಬಿಕೆಯಲ್ಲಿ ಮಷೀಅಖ್ ಇನ್ನೂ ಬರಬೇಕು. ನಮಗೆ ಬಂದಾಯಿತು. ಕುರ್‌ಆನ್ ಕೂಡ ಯೇಸುವನ್ನು ಅಲ್ ಮಸೀಹ್ ಎಂದೇ ಕರೆಯುತ್ತದೆ, ಆದರೆ ದೇವರ ಮಗ ಅನ್ನುವುದನ್ನು ಒಪ್ಪುವುದಿಲ್ಲ. ಒಂದೇ ಬಿರುದು, ಮೂರು ಕಥೆ.

ಬಲಿಯ ಕಥೆಯೂ ಹಾಗೆ. ಬೈಬಲ್ಲಿನಲ್ಲಿ ಅಬ್ರಹಾಮ ಬಲಿಪೀಠಕ್ಕೆ ಕಟ್ಟಿದ್ದು ಇಸಾಕನನ್ನು. ಕುರ್‌ಆನ್ ಮಗನ ಹೆಸರು ಹೇಳುವುದಿಲ್ಲ.

ನ. ಬರೆದರು:

ಹೌದು. ಈಗ ಹೆಚ್ಚಿನ ಮುಸ್ಲಿಮರು ಇನ್ನೊಬ್ಬ ಮಗ ಇಸ್ಮಾಯೀಲ್ ಅನ್ನುತ್ತಾರೆ. ಆದರೆ ಹಳೆಯ ವ್ಯಾಖ್ಯಾನಕಾರರಲ್ಲಿ ಎರಡೂ ಅಭಿಪ್ರಾಯ ಇತ್ತು. 923ರಲ್ಲಿ ತೀರಿಕೊಂಡ ತಬರಿ ಇಸ್‌ಹಾಕ್ (ಇಸಾಕ) ಕಡೆಗೇ ವಾಲಿದ್ದರು.

ತಲೆಬರಹದ ಬಗ್ಗೆ ಒಂದು ಎಚ್ಚರಿಕೆ. 'ಗಳು' ಬಿಡಬೇಡಿ. 'ಅಬ್ರಹಾಮೀಯ ಧರ್ಮ' ಅಂತ ಏಕವಚನ ಹಾಕಿದರೆ ಮೂರನ್ನೂ ಕಲಸಿ ಒಂದು ಮಾಡಿದ ಹಾಗಾಗುತ್ತದೆ. 2021ರ ನವೆಂಬರಿನಲ್ಲಿ ಕೈರೋದ ಇಸ್ಲಾಮಿ ವಿದ್ಯಾಕೇಂದ್ರ ಅಲ್ ಅಝ್ಹರ್‌ನ ಮುಖ್ಯಸ್ಥ ಅಹ್ಮದ್ ಅಲ್ ತಯ್ಯಿಬ್ ಇಂಥ ಒಂದೇ 'ಇಬ್ರಾಹೀಮಿ ಧರ್ಮ'ದ ಮಾತನ್ನು ನೇರವಾಗಿ ತಳ್ಳಿಹಾಕಿದ್ದರು. ಅಬುಧಾಬಿಯಲ್ಲಿ ಮಸೀದಿ, ಚರ್ಚು, ಸಿನಗಾಗ್ (ಯೆಹೂದಿ ಪ್ರಾರ್ಥನಾಲಯ) ಮೂರನ್ನೂ ಒಂದೇ ಆವರಣದಲ್ಲಿ ಕಟ್ಟಿ 2023ರಲ್ಲಿ ತೆರೆದರಲ್ಲ, ಅಲ್ಲೂ ಕಟ್ಟಡ ಮೂರು ಬೇರೆ ಬೇರೆ.

ಪು. ಶಾ. ಬರೆದರು:

ಆ ಆವರಣದ ಅರಬ್ಬಿ ಹೆಸರಿನಲ್ಲಿ 'ಇಬ್ರಾಹೀಮಿಯ್ಯ' ಎಂದಿದೆ. ನಮ್ಮ 'ಈಯ'ಕ್ಕೆ ಎಷ್ಟು ಹತ್ತಿರ ನೋಡಿ. ಭಾರತ, ಭಾರತೀಯ. 'ಈಯ'ಕ್ಕೆ ಇಲ್ಲಿ ವೃದ್ಧಿಯ ಗೊಡವೆಯೂ ಇಲ್ಲ. ಆದ್ದರಿಂದ ಅಬ್ರಹಾಮೀಯ ಆಗಬಹುದು. ಅಬ್ರಹಾಮಿಕ್ ಮಾತ್ರ ಬೇಡ.

ಹ. ನಾ. ಬರೆದರು:

ಹತ್ತಿರ ಕೇಳಿಸುತ್ತದೆ ಅಷ್ಟೇ, ಸಂಬಂಧ ಇಲ್ಲ. ಬ್ರಹ್ಮನ ದಾರಿ ನೀವೂ ಹಿಡಿಯಬೇಡಿ. ಪದ ಮಾತ್ರ ನನಗೂ ಒಪ್ಪಿಗೆ.

ಒಂದು ಮಾತು ನೆನಪಿರಲಿ. ಮೂರನ್ನೂ ಅಬ್ರಹಾಮನ ಹೆಸರಿನಲ್ಲಿ ಕೂಡಿಸುವ ರೂಢಿ ಹೊಸದು. 20ನೇ ಶತಮಾನದಲ್ಲಿ ಫ್ರಾನ್ಸಿನ ಲೂಯಿ ಮಾಸಿನ್ಯೋನ್ ಎಂಬ ಇಸ್ಲಾಂ ವಿದ್ವಾಂಸ, ಸ್ವತಃ ಕ್ಯಾಥೊಲಿಕ್, ಇದಕ್ಕೆ ಬಲ ಕೊಟ್ಟರು. 1964ರಲ್ಲಿ ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ ಮುಸ್ಲಿಮರ ಬಗ್ಗೆ ಬರೆಯುವಾಗ 'ಅಬ್ರಹಾಮನ ವಿಶ್ವಾಸ ತಮ್ಮದೆಂದು ಹೇಳಿಕೊಳ್ಳುವವರು' ಎಂಬರ್ಥದ ಮಾತು ಬಳಸಿತು. 'ಹೇಳಿಕೊಳ್ಳುವವರು' ಅನ್ನೋದನ್ನು ಗಮನಿಸಿ. ಬಹಳ ಅಳೆದು ಹಾಕಿದ ಪದ ಅದು. ಅದಕ್ಕೇ ನಿಮ್ಮ ಸಾಲಿನ 'ಒಪ್ಪುತ್ತವೆ' ನನಗೆ ಒಪ್ಪಿಗೆ ಇಲ್ಲ.

ಚೆ. ಬರೆದರು:

ಕೊನೆಗೆ ಸಂಸ್ಕೃತವೇ ಗೆದ್ದಿತು. ಅಭ್ಯಾಸ ಇದೆ ಬಿಡಿ.

ಸು. ರಾ. ಬರೆದರು:

ಎಲ್ಲರಿಗೂ ಧನ್ಯವಾದ. ಬಾಣದ ಗುರುತು ಇತ್ತು, ತೆಗೆಸಿದೆ. ತಲೆಬರಹ: 'ಅಬ್ರಹಾಮೀಯ ಧರ್ಮಗಳು'. 'ಮತ' ಬಿಟ್ಟೆ, ಉಳಿದ ಎಲ್ಲ ಫಲಕಗಳಲ್ಲೂ 'ಧರ್ಮ' ಇದೆ, ಈ ಮೂರಕ್ಕೆ ಮಾತ್ರ ಬೇರೆ ಪದ ಹಾಕಿದರೆ ಕೀಳು ಮಾಡಿದ ಹಾಗೆ ಕಾಣುತ್ತದೆ. ಕೆಳಗಿನ ಸಾಲು: 'ಬೈಬಲ್ಲಿನ ಅಬ್ರಹಾಮ, ಕುರ್‌ಆನಿನ ಇಬ್ರಾಹೀಮ್. ಮೂರೂ ಧರ್ಮಗಳು ಅವನನ್ನು ತಮ್ಮ ಹಿರಿಯ ಎನ್ನುತ್ತವೆ. ಅವನ ನಿಜವಾದ ವಾರಸುದಾರರು ಯಾರು ಎಂಬುದಕ್ಕೆ ಮೂರರ ಉತ್ತರವೂ ಬೇರೆ.'

ನ. ಬರೆದರು:

ಚೆನ್ನಾಗಿದೆ. ಆದರೆ 'ಅವನನ್ನು', 'ಅವನ' ಬೇಡ. ಕನ್ನಡದಲ್ಲಿ ಮುಸ್ಲಿಮರು ಪ್ರವಾದಿಗಳಿಗೆ ಬಹುವಚನವನ್ನೇ ಬಳಸುತ್ತಾರೆ. ಏಕವಚನ ದೇವರಿಗೆ ಮಾತ್ರ ಸಲ್ಲುತ್ತದೆ.

ಜೆ. ಬರೆದರು:

ನಮ್ಮ ಬೈಬಲ್ಲಿನಲ್ಲಿ 'ಅಬ್ರಹಾಮನು' ಅಂತಲೇ ಇದೆ. ಆದರೂ 'ಅವರ' ಎಂದರೆ ನಮಗೇನೂ ಕಷ್ಟವಿಲ್ಲ. ಹಾಕಿ.

ಸು. ರಾ. ಬರೆದರು:

'ಅವರನ್ನು ತಮ್ಮ ಹಿರಿಯರು ಎನ್ನುತ್ತವೆ. ಅವರ ನಿಜವಾದ ವಾರಸುದಾರರು...' ಎಂದು ಬದಲಿಸಿ ಕಳಿಸಿದೆ. ಇನ್ನು ಬದಲಾಯಿಸಲು ಆಗುವುದಿಲ್ಲ.

ಪು. ಶಾ. ಬರೆದರು:

'ವಾರಸುದಾರ'ಕ್ಕೆ 'ಉತ್ತರಾಧಿಕಾರಿ' ಹಾಕಬಹುದಿತ್ತು.

ಚೆ. ಬರೆದರು:

ಇರಲಿ ಬಿಡಿ. ಅದೊಂದಾದರೂ ಜನರ ಬಾಯಲ್ಲಿದೆ.