ಅಕ್ಟೋಬರ್ ಕ್ರಾಂತಿ ನವೆಂಬರ್‌ನಲ್ಲಿ ನಡೆದದ್ದು ಹೇಗೆ?

ಪ್ರಶ್ನೆ (ವಿರಾಜಪೇಟೆಯಿಂದ):
ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗಳು ಕಿರುಪರೀಕ್ಷೆಯಲ್ಲಿ ‘ಅಕ್ಟೋಬರ್ ಕ್ರಾಂತಿ 1917ರ ನವೆಂಬರ್ 7ರಂದು ನಡೆಯಿತು’ ಎಂದು ಬರೆದು ಒಂದು ಅಂಕ ಕಳೆದುಕೊಂಡಿದ್ದಾಳೆ. ಅಂಕದ ಚಿಂತೆ ನನಗಿಲ್ಲ. ಆದರೆ ರಷ್ಯಾ, ಚೀನಾಗಳ ಕ್ರಾಂತಿ ಅವಳಿಗೆ ಬರೀ ಇಸವಿಗಳ ಪಟ್ಟಿಯಾಗಿಬಿಟ್ಟಿದೆ. ಕಾಫಿ ತೋಟದ ನಡುವೆ ಬೆಳೆದ ಹುಡುಗಿಗೆ ಇದನ್ನು ಮನಸ್ಸಿಗೆ ನಾಟುವಂತೆ ಹೇಳಿಕೊಡುವುದು ಹೇಗೆಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1 (ಮಡಿಕೇರಿ, ನಿವೃತ್ತ ಶಿಕ್ಷಕಿ):
ನಿಮ್ಮ ಮಗಳು ಬರೆದದ್ದು ಸರಿಯಾಗಿಯೇ ಇದೆ. ಆಗ ರಷ್ಯಾದಲ್ಲಿ ಬಳಕೆಯಲ್ಲಿದ್ದ ಜೂಲಿಯನ್ ಕ್ಯಾಲೆಂಡರು ನಮ್ಮದಕ್ಕಿಂತ 13 ದಿನ ಹಿಂದಿತ್ತು. ಅಲ್ಲಿನ ಅಕ್ಟೋಬರ್ 25 ಎಂದರೆ ನಮ್ಮ ನವೆಂಬರ್ 7. ಅದೇ ಲೆಕ್ಕದಲ್ಲಿ ಫೆಬ್ರವರಿ ಕ್ರಾಂತಿ ಶುರುವಾದದ್ದು ಮಾರ್ಚ್ 8ರಂದು, ಮಹಿಳಾ ದಿನದಂದೇ. ಬ್ರೆಡ್ಡಿಗಾಗಿ ಚಳಿಯಲ್ಲಿ ಸಾಲು ನಿಂತು ರೋಸಿಹೋಗಿದ್ದ ಆಗಿನ ರಾಜಧಾನಿ ಪೆಟ್ರೋಗ್ರಾಡಿನ ಜವಳಿ ಗಿರಣಿಗಳ ಹೆಂಗಸರು ಕೆಲಸ ಬಿಟ್ಟು ಬೀದಿಗಿಳಿದರು. ಒಂದೇ ವಾರದಲ್ಲಿ ತ್ಸಾರ್ (ಚಕ್ರವರ್ತಿ) ಎರಡನೇ ನಿಕೋಲಸ್ ಪಟ್ಟ ಬಿಡಬೇಕಾಯಿತು. ಮುಂದೆ ಅಕ್ಟೋಬರ್ ಕ್ರಾಂತಿಯ ನಾಯಕರಾದ ಲೆನಿನ್ ಆಗಿನ್ನೂ ಸ್ವಿಟ್ಜರ್ಲೆಂಡಿನಲ್ಲಿದ್ದರು. ಪಾಠವನ್ನು ಆ ಬ್ರೆಡ್ಡಿನ ಸಾಲಿನಿಂದ ಶುರುಮಾಡಿ.

ಉತ್ತರ 2 (ಸೋಮವಾರಪೇಟೆ, ಬೆಳೆಗಾರ):
ಮೇಡಂ ಅವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಜಮ್ಮಾ, ಬಾಣೆ, ಪೈಸಾರಿ ಎಂಬ ಕೊಡಗಿನ ಜಮೀನಿನ ಬಗೆಗಳ ಮಾತುಗಳನ್ನು ದಿನವೂ ಕೇಳುವ ನಮ್ಮ ಮಕ್ಕಳಿಗೆ, ಜಮೀನ್ದಾರರ ಒಡೆತನವನ್ನು ಪರಿಹಾರವಿಲ್ಲದೆ ರದ್ದುಪಡಿಸಿದ, ಕ್ರಾಂತಿ ಸರ್ಕಾರದ 1917ರ ಭೂ ಆಜ್ಞೆ ಬಲುಬೇಗ ಅರ್ಥವಾಗುತ್ತದೆ. ತೋಟದ ಕಾರ್ಮಿಕರ ಲೈನ್‌ಮನೆಯ ಹುಡುಗನೊಬ್ಬನಿಗೆ ಇದನ್ನು ವಿವರಿಸುತ್ತಿದ್ದಾಗ ಅವನು ತಟ್ಟನೆ ಕೇಳಿದ, ‘ಹಾಗಾದರೆ ಅಲ್ಲಿನ ರೈತರಿಗೆ ಹಕ್ಕುಪತ್ರ ಸಿಕ್ಕಿತಾ ಅಣ್ಣ?’ ಸಿಗಲಿಲ್ಲ. ಉಳುವುದಕ್ಕೆ ಭೂಮಿ ಸಿಕ್ಕಿತು, ಆದರೆ ಅದನ್ನು ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ. 1929ರಿಂದೀಚೆಗೆ, ಲೆನಿನ್ ನಂತರ ಬಂದ ಸ್ಟಾಲಿನ್ ಆಡಳಿತ ಅದೇ ರೈತರನ್ನು ಬಲವಂತವಾಗಿ ಸಾಮೂಹಿಕ ಬೇಸಾಯಕ್ಕೆ ದೂಡಿತು. 1932–33ರ ಕ್ಷಾಮದಲ್ಲಿ ಉಕ್ರೇನ್, ಕಜಕಸ್ತಾನಗಳಲ್ಲಿ ಹತ್ತಾರು ಲಕ್ಷ ಜನ ಸತ್ತರು. ಪಾಠ 1917ಕ್ಕೇ ನಿಂತರೆ ಆ ಹುಡುಗನ ಪ್ರಶ್ನೆಗೆ ಅರ್ಧ ಉತ್ತರವಷ್ಟೇ ಸಿಕ್ಕಂತಾಗುತ್ತದೆ.

ಉತ್ತರ 3 (ಕುಶಾಲನಗರ):
ಚೀನಾದ ಪಾಠಕ್ಕೆ ಕಾವೇರಿ ದಾಟಿದರೆ ಸಾಕು. ಕಮ್ಯುನಿಸ್ಟ್ ನಾಯಕ ಮಾವೋ ಅಲ್ಲಿ ಗಣರಾಜ್ಯ ಘೋಷಿಸಿದ್ದು 1949ರ ಅಕ್ಟೋಬರ್ 1ರಂದು; ಹತ್ತು ವರ್ಷಗಳೊಳಗೆ, 1959ರ ಮಾರ್ಚಿನಲ್ಲಿ, ಚೀನಾದ ಆಡಳಿತದ ವಿರುದ್ಧ ಟಿಬೆಟ್‌ನ ಲಾಸಾದಲ್ಲೆದ್ದ ದಂಗೆಯ ಹೊತ್ತಿಗೆ ದಲಾಯಿ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಟಿಬೆಟನ್ನರಿಗೆ ನೆಲೆಯಾದ ಜಾಗಗಳಲ್ಲಿ ಕಾವೇರಿಯಾಚೆಯ ಬೈಲಕುಪ್ಪೆಯೂ ಒಂದು. ಅಲ್ಲಿನ ದೇಗುಲದ ಚಿನ್ನದ ಬುದ್ಧನನ್ನು ನೋಡಿ ಫೋಟೋ ತೆಗೆದುಕೊಂಡು ಮರಳುವ ನಮ್ಮ ಶಾಲಾ ಪ್ರವಾಸಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಎರಡೂ ತಾರೀಖುಗಳನ್ನು ಬರೆದ ಚೀಟಿಯೊಂದನ್ನು ಮಗಳ ಕೈಯಲ್ಲಿ ಶಿಕ್ಷಕರಿಗೆ ಕಳುಹಿಸಿದ್ದೇನೆ. ಭಾನುವಾರ ಬೈಲಕುಪ್ಪೆಗೆ ಹೋಗೋಣವೆಂದು ಅವಳು ಈಗಾಗಲೇ ಹಠ ಹಿಡಿದಿದ್ದಾಳೆ.